ಲಕೋಟೆ ಒಡೆದು ನೋಡ್ರಿ ಅಕ್ಕಾರ

ಹುಬ್ಬಳ್ಳಿಯಲ್ಲಿ ಒಬ್ಬ ಸಿವಿಲ್ ವಕೀಲರ ಆಫೀಸಿನಲ್ಲಿ ನಾನು ಗುಮಾಸ್ತ. ಹದಿನಾರು ವರ್ಷ ಆಯ್ತು. ಬಾಡಿಗೆ ಬಾಕಿ ಇದೆ, ಮನೆ ಖಾಲಿ ಮಾಡಿ ಅನ್ನುವ ನೋಟಿಸ್ ಎಷ್ಟು ಟೈಪ್ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಅಂಥ ನೋಟಿಸ್ ಬಂದ ಮನೆಯಲ್ಲಿ ಏನಾಗುತ್ತದೆ ಅಂತ ತಿಳಿದದ್ದು ನಿಧಾನಕ್ಕೆ. ಅದೂ ಒಂದು ತಪ್ಪಿನಿಂದ.

ಕೆಲಸಕ್ಕೆ ಸೇರಿದ ಹೊಸದು. ನಮ್ಮ ಓಣಿಯಲ್ಲಿ ಒಬ್ಬ ಟೇಲರ್ ಇದ್ದರು. ಬಾಡಿಗೆ ಮನೆ, ಮುಂದಿನ ಕೋಣೆಯಲ್ಲೇ ಮಷಿನ್. ಒಂದಿನ ಸಂಜೆ ನನ್ನನ್ನು ತಡೆದು ಕೇಳಿದರು. "ತಮ್ಮಾ, ಮಾಲಕ್ರು ನೋಟಿಸ್ ಕಳಿಸ್ಯಾರಂತ. ಪೋಸ್ಟ್‌ಮನ್ ನಾಳೆ ಬರ್ತೀನಿ ಅಂದಾನ. ತಗೊಳ್ಳೋದೋ ಬ್ಯಾಡೋ?" ನಾನು ಬಲ್ಲವನ ಹಾಗೆ ಅಂದುಬಿಟ್ಟೆ, "ತಗೋಬ್ಯಾಡ್ರಿ ಕಾಕಾ, ತಗೊಂಡ್ರ ಸಿಕ್ಕೋತೀರಿ." ಊರಿನಲ್ಲಿ ಎಲ್ಲರೂ ಹೇಳುವ ಮಾತೇ ಅದು.

ಅವರು ತಗೊಳ್ಳಲಿಲ್ಲ. ಪೋಸ್ಟ್‌ಮನ್ ಲಕೋಟೆಯ ಮೇಲೆ ತೆಗೆದುಕೊಳ್ಳಲು ಒಪ್ಪಲಿಲ್ಲ ಅಂತ ಶರಾ ಬರೆದು ವಾಪಸ್ ಕಳಿಸಿದ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳಿಸಿದ ಅಂಚೆಯನ್ನು ಬೇಡ ಅಂದರೆ, ಮುಟ್ಟಿದ ಹಾಗೆಯೇ ಕೋರ್ಟ್ ತಿಳಿಯುತ್ತದೆ. ಮುಂದೆ ಕೋರ್ಟಿನ ಸಮನ್ಸಿಗೂ ಕಾಕಾ ಹಾಗೆಯೇ ಮಾಡಿದರು. ದಾವೆ ಎಕ್ಸ್‌ಪಾರ್ಟಿ ಆಯಿತು, ಅಂದರೆ ಕಾಕಾರ ಮಾತು ಕೇಳದೆಯೇ ತೀರ್ಪು ಬಂತು. ಮನೆ ಖಾಲಿ ಮಾಡಿಸಲು ಕೋರ್ಟಿನ ಬೇಲಿಫ್ ಬಂದ ದಿನ ಮಷಿನ್ ಕಟ್ಟೆಯ ಮೇಲೆ ಇತ್ತು. ಅರ್ಧ ಹೊಲಿದ ಕುಪ್ಪಸಗಳನ್ನು ಒಂದು ಹಳೆ ಲುಂಗಿಯಲ್ಲಿ ಗಂಟು ಕಟ್ಟಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅವತ್ತಿನಿಂದ ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹಾಗೆ ಹೇಳುವುದನ್ನು ಬಿಟ್ಟೆ.

ಕೆಲವು ವರ್ಷಗಳ ನಂತರ ಒಬ್ಬ ಅಕ್ಕ ಆಫೀಸಿಗೆ ಬಂದರು. ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವವರು. ಗಂಡ ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ. ಬೆನ್ನು ಹಿಡಿದು ಮನೆಯಲ್ಲಿ ಕೂತಿದ್ದರು. ಬಾಡಿಗೆ 5,500. ಲಕೋಟೆ ಬಂದು ಹನ್ನೆರಡು ದಿನ ಆಗಿತ್ತು. ದೇವರ ಮಾಡದಲ್ಲಿ ಇಟ್ಟಿದ್ದರಂತೆ, ಒಡೆದಿರಲಿಲ್ಲ.

"ಹದಿನೈದು ದಿನಕ್ಕ ಹೊರಗ ಹಾಕ್ತಾರಂತಲ್ರಿ ಅಣ್ಣಾರ?"

"ಮೊದ್ಲು ಲಕೋಟೆ ಒಡೆದು ನೋಡ್ರಿ ಅಕ್ಕಾರ," ಅಂದೆ. ಅವರ ಕೈ ನಡುಗುತ್ತಿತ್ತು. ನಾನೇ ಒಡೆದು ಓದಿದೆ.

ಈ ಹದಿನೈದು ದಿನದ ಲೆಕ್ಕ ಜನರನ್ನು ಜಾಸ್ತಿ ಹೆದರಿಸುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂನಲ್ಲಿ ತಿಂಗಳ ಬಾಡಿಗೆಯನ್ನು ಮುಗಿಸಲು 15 ದಿನದ ನೋಟಿಸ್ ಸಾಕು. ನೋಟಿಸ್ ಕೈಗೆ ಬಂದ ದಿನದಿಂದ ಎಣಿಕೆ. ಆದರೆ ಹದಿನಾರನೇ ದಿನ ನಿಮ್ಮ ಪಾತ್ರೆ ಬೀದಿಗೆ ಬರುವುದಿಲ್ಲ. ಮಾಲಕರು ದಾವೆ ಹಾಕಬಹುದಾದ ದಿನ ಅದು, ಅಷ್ಟೇ. ಕೋರ್ಟಿನ ಆದೇಶ ಇಲ್ಲದೆ ಬೀಗ ಜಡಿಯುವ ಹಾಗಿಲ್ಲ. ಒತ್ತಾಯದಿಂದ ಹೊರಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ. ಆರು ತಿಂಗಳ ಒಳಗೆ ದಾವೆ ಹಾಕಿ ಕಬ್ಜೆ ವಾಪಸ್ ಕೇಳಬಹುದು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಕರ್ನಾಟಕದ 1999ರ ಬಾಡಿಗೆ ಕಾಯ್ದೆಯಲ್ಲಿ ಬಾಕಿ ಕಟ್ಟಲು ಎರಡು ತಿಂಗಳ ಅವಕಾಶ ಇದೆ. ಆದರೆ ತಿಂಗಳ ಬಾಡಿಗೆ 3,500 ದಾಟಿದ ಮನೆಗಳು ಸಾಮಾನ್ಯವಾಗಿ ಅದರ ಹೊರಗೆ. ಅಲ್ಲಿ ಬಾಕಿ ಪೂರ್ತಿ ತೀರಿಸಿದರೂ ಮನೆ ಬಿಡಬೇಕಾಗಿ ಬರಬಹುದು. ಇದನ್ನು ಅಕ್ಕನಿಗೆ ಅವತ್ತೇ ಹೇಳಿದೆವು. ಸುಳ್ಳು ಧೈರ್ಯ ತುಂಬಿ ಕಳಿಸುವುದು ಮೋಸ.

ನೋಟಿಸಿನಲ್ಲಿ ಐದು ತಿಂಗಳು ಬಾಕಿ, 27,500 ಅಂತ ಇತ್ತು. "ಐದ್ ಅಲ್ರಿ, ಮೂರು," ಅಂದರು ಅಕ್ಕ. ರಸೀದಿ ಇದೆಯಾ ಅಂತ ಕೇಳಿದೆ. ಇರಲಿಲ್ಲ. ಕರಾರು ಪತ್ರದ ಅವಧಿಯೂ ಮುಗಿದಿತ್ತು. ಮೊಬೈಲ್ ತೆಗೆಯಲು ಹೇಳಿದೆ. ಗಾಜು ಒಡೆದ ಫೋನು, ಗೀರುಗಳಲ್ಲಿ ಜೋಳದ ಹಿಟ್ಟು ಕೂತಿತ್ತು. ಸೆರಗಿನಿಂದ ಒರೆಸಿ ಕೊಟ್ಟರು. ಫೋನ್‌ಪೇಯಲ್ಲಿ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಸಿಕ್ಕಿತು. ಮಾಲಕರ ಮಗನ ನಂಬರಿಗೆ 5,500. ಇನ್ನೊಂದು ತಿಂಗಳದ್ದನ್ನು ಮಾಲಕರ ಹೆಂಡತಿಯ ಕೈಯಲ್ಲಿ ನಗದು ಕೊಟ್ಟಿದ್ದರು. ಸಾಕ್ಷಿ ಏನು? ಮರುದಿನ ಗೋಡೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು ತಂದರು. ಹಾಲಿನ ಲೆಕ್ಕದ ನಡುವೆ, ಒಂದು ತಾರೀಕಿನ ಕೆಳಗೆ, ಮಗಳ ಅಕ್ಷರದಲ್ಲಿ "ಬಾಡಿಗಿ ಅವ್ವಾರ ಕೈಯಾಗ" ಅಂತಿತ್ತು.

ನಮ್ಮ ವಕೀಲರು ಒಂದೇ ಪುಟದ ಉತ್ತರ ಬರೆಸಿದರು. ಬಾಕಿ ಮೂರು ತಿಂಗಳು, 16,500 ಅಂತ ಒಪ್ಪಿಕೊಂಡೆವು. ಒಂದು ತಿಂಗಳದ್ದು ಅವತ್ತೇ ಮಾಲಕರ ಬ್ಯಾಂಕ್ ಖಾತೆಗೆ ಹೋಯಿತು. ಉಳಿದ 11,000 ಯಾವ ತಾರೀಕಿಗೆ ಎಷ್ಟು ಅಂತ ಬರೆದೆವು. ಫೀ ತಗೊಳ್ಳಲಿಲ್ಲ. ದಾವೆ ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಲು ಹೇಳಿದೆವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಪುಕ್ಕಟೆ. ಎಷ್ಟು ಮಂದಿಗೆ ಇದು ಗೊತ್ತು ಹೇಳಿ? ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ.

ವಾರದಲ್ಲಿ ಮಾಲಕರೇ ನಮ್ಮ ಆಫೀಸಿಗೆ ಬಂದರು. ಕೆಟ್ಟವರಲ್ಲ. ರಿಟೈರ್ ಆದವರು, ಆ ಬಾಡಿಗೆಯಲ್ಲೇ ಅವರ ಸಕ್ಕರೆ ಕಾಯಿಲೆಯ ಔಷಧಿ ನಡೆಯುತ್ತಿತ್ತು. ಕ್ಯಾಲೆಂಡರ್ ಹಾಳೆ ನೋಡಿ ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿದರು. "ಹೌದಂತ್ರಿ, ಈಕಿ ಇಸಗೊಂಡಾಳ, ನನಗ ಹೇಳಿಲ್ಲ," ಅಂದರು. ಕೋರ್ಟಿನಲ್ಲಿ ಆ ಹಾಳೆ ಎಷ್ಟು ನಿಲ್ಲುತ್ತಿತ್ತೋ, ಅಲ್ಲಿಗೆ ಹೋಗುವ ಪ್ರಸಂಗವೇ ಬರಲಿಲ್ಲ.

ಆದರೂ ಮನೆ ಅವರಿಗೆ ಬೇಕಿತ್ತು. ಮಗನ ಮದುವೆ ಗೊತ್ತಾಗಿತ್ತು. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಟೈಮು ಕೊಟ್ಟರು, ಅದನ್ನೂ ಬರೆದು ಇಬ್ಬರ ಸಹಿ ಹಾಕಿಸಿದೆವು. ಅಕ್ಕ ಬಾಕಿ ತೀರಿಸಿ, ಮೇ ತಿಂಗಳಲ್ಲಿ ಹಳೇ ಹುಬ್ಬಳ್ಳಿ ಕಡೆ ಬೇರೆ ಮನೆ ಹಿಡಿದರು. ಮಾಲಕರು ವಾಪಸ್ ಕೊಟ್ಟ 30,000 ಡಿಪಾಜಿಟ್ ಎಣಿಸಿಕೊಂಡ ಮೇಲೆಯೇ ಹಳೆ ಮನೆಯ ಕೀಲಿ ಕೊಟ್ಟರು.

ಈಗ ಮಾಲಕರು ಯಾರಾದರೂ ನೋಟಿಸ್ ಬರೆಸಲು ಬಂದರೆ, ಬಾಕಿಯ ಮೊತ್ತ ಟೈಪ್ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. "ಮನ್ಯಾಗ ಅವ್ವಾರು, ಮಕ್ಕಳು ಯಾರರೆ ರೊಕ್ಕ ಇಸಗೊಂಡಾರೇನ್ರಿ? ಒಮ್ಮೆ ಕೇಳಿ ಬರ್ರಿ." ಕೆಲವರಿಗೆ ಸಿಟ್ಟು ಬರುತ್ತದೆ. ಕೆಲವರು ಮನೆಗೆ ಹೋದವರು ನೋಟಿಸ್ ಬೇಡ ಅಂತ ಫೋನ್ ಮಾಡುತ್ತಾರೆ.

ಕ್ಯಾಲೆಂಡರ್ ಹಾಳೆಯ ಝೆರಾಕ್ಸ್ ಇನ್ನೂ ಫೈಲಿನಲ್ಲಿದೆ. ಮೂಲ ಹಾಳೆಯನ್ನು ಅಕ್ಕ ಅವತ್ತೇ ಕೇಳಿ ಇಸಿದುಕೊಂಡಿದ್ದರು. "ಹಾಲಿನವಂದೂ ಲೆಕ್ಕ ಅದ್ರಾಗ ಐತ್ರಿ ಅಣ್ಣಾರ."