ಬೆಲ್ಲ ಸಪ್ಪಗಾದರೆ ಅದೇ ಬಳ್ಳಿ

ಕಪ್ಪತಗುಡ್ಡದ ಬುಡದ ಹಳ್ಳಿಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಪ್ರತಿವರ್ಷ ಒಂಬತ್ತನೇ ಈಯತ್ತೆಯವರಿಗೆ ಪುಸ್ತಕ ತೆರೆಸುವ ಮೊದಲು ಒಂದು ಗಿಡದ ಕತೆ ಹೇಳುತ್ತೇನೆ.

ಹಿಂದೂ ಮಹಾಸಾಗರದಲ್ಲಿ ಮಾರಿಷಸ್ಸಿಗೆ ಸೇರಿದ ರೋಡ್ರಿಗಸ್ ಎಂಬ ನಡುಗಡ್ಡೆಯಿದೆ. 108 ಚದರ ಕಿ.ಮೀ., ಅಂದರೆ ನಮ್ಮ ಗುಡ್ಡದ ಅಭಯಾರಣ್ಯದ ಅರ್ಧದಷ್ಟೂ ಇಲ್ಲ. ಅಲ್ಲಿ ಕಾಫೆ ಮರೋನ್ ಅಂತ ಕಾಫಿ ಕುಟುಂಬದ ಒಂದು ಪೊದೆ, ಬಿಳಿ ಚುಕ್ಕಿಯಂಥ ಹೂವು. ಅದು ಅಳಿದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. 1980ರ ಆಸುಪಾಸು ಅಲ್ಲಿನ ಮಾಸ್ತರೊಬ್ಬರು ಅದರ ಹಳೇ ಚಿತ್ರವನ್ನು ತರಗತಿಯಲ್ಲಿ ತೋರಿಸಿದರು. ಹೆಡ್ಲಿ ಮನಾನ್ ಎಂಬ ಹುಡುಗ ಅದರದೇ ಒಂದು ಟೊಂಗೆ ಮುರಿದು ತಂದ! ಆಡು ಮೇಯ್ದು ಉಳಿಸಿದ ಒಂದೇ ಒಂದು ಗಿಡ.

ಸುದ್ದಿ ಹಬ್ಬಿದ್ದೇ ತಡ, ಔಷಧಕ್ಕೆಂದು ಜನ ಟೊಂಗೆ, ತೊಗಟೆ ಕೀಳಲು ಬಂದರು. ಬೇಲಿ ಹಾಕಬೇಕಾಯಿತು. 1986ರಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ತುಂಡುಗಳನ್ನು ಕಳಿಸಿದರು, ಅದರಲ್ಲಿ ಒಂದು ಬೇರು ಬಿಟ್ಟಿತು. ಹೂ ಬಿಟ್ಟಿದ್ದೇ ಬಿಟ್ಟಿದ್ದು, ಕಾಯಿ ಮಾತ್ರ ಇಲ್ಲ. ಕಡೆಗೆ 2003ರಲ್ಲಿ ಕಾರ್ಲೋಸ್ ಮ್ಯಾಗ್ಡಲೀನಾ ಎಂಬ ತೋಟಗಾರ ಹೂವಿನ ಶಲಾಕಾಗ್ರ, ಅಂದರೆ ಪರಾಗ ಅಂಟಿಕೊಳ್ಳುವ ತುದಿ, ಕತ್ತರಿಸಿ, ಆ ಗಾಯಕ್ಕೇ ಪರಾಗ ಸವರಿ ಬೀಜ ಕಟ್ಟಿಸಿದ. ಆ ಬೀಜಗಳನ್ನು ಮತ್ತೆ ಅದೇ ನಡುಗಡ್ಡೆಗೆ ಕಳಿಸಿದರು. ಎಳೆಯ ಸಸಿಯ ಎಲೆ ಉದ್ದಕ್ಕೆ, ಸಣ್ಣಗೆ. ದೊಡ್ಡದಾದ ಮೇಲೆ ಅಗಲ. ತಾಯಿ ಮಗುವನ್ನು ಜೊತೆಗಿಟ್ಟರೆ ಒಂದೇ ಗಿಡವೆಂದು ಯಾರೂ ನಂಬರು.

ಈ ವರ್ಷ ಕತೆ ಮುಗಿಸಿ ನಾನೂ ಚಿತ್ರವೊಂದನ್ನು ಹಿಡಿದೆ: ಮಧುನಾಶಿನಿ. ಸಕ್ಕರೆ ಕಾಯಿಲೆಗೆಂದು ಜನ ಬೇರುಸಹಿತ ಕೀಳುವ ಬಳ್ಳಿ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ನಮ್ಮ ಶಾಲೆಯ ಅಂಗಳಕ್ಕೂ ಬೂದಿ ಬಂದು ಬೀಳುತ್ತದೆ. ಆಗೆಲ್ಲ ನನಗೆ ಮೊದಲು ನೆನಪಾಗುವುದು ಇಂಥ ಬಳ್ಳಿಗಳೇ. 2019ರಲ್ಲಿ ಗುಡ್ಡ ಅಭಯಾರಣ್ಯವಾಯಿತು. ಅದಕ್ಕೆ ಜನ ಬೀದಿಗಿಳಿದು ಹೋರಾಡಿದ್ದನ್ನು ಕಂಡವಳು ನಾನು. ಬೆಂಕಿಗೆ ಮಾತ್ರ ಆ ಕಾಗದ ಗೊತ್ತಿಲ್ಲ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಅಕ್ಕೋರ, ಆ ಚಿತ್ರ ಒಂದಿನಾ ಕೊಡ್ರಿ, ನಮ್ಮಮ್ಮಗ ತೋರಸ್ತೇನಿ." ಅಮ್ಮ ಅಂದರೆ ಆಕೆಯ ಅಜ್ಜಿ.

ಮರುದಿನ ಕಾಗದದ ಮೇಲೆ ಅರಿಶಿಣದ ಬೆರಳಚ್ಚಿತ್ತು. "ಅಮ್ಮ ಹೇಳ್ಯಾಳ್ರಿ, ಎಲಿ ಅಗದು ಮ್ಯಾಲ ಬೆಲ್ಲ ತಿನ್ನು, ಸಪ್ಪಗ ಹತ್ತಿದ್ರ ಅದ ಖರೇ ಅಂತ." ಅಂಗೈಯಲ್ಲಿ ಎರಡೇ ಎಲೆ. "ನಮ್ಮ ಹೊಲದ ಬೇಲ್ಯಾಗ ಐತ್ರಿ. ಬೇರ ಮುಟ್ಟಿಲ್ರಿ."

ಚೂರು ಚೂರು ಹಂಚಿಕೊಂಡು ಅಗಿದೆವು, ಕಹಿ. ಬಿಸಿಯೂಟದ ಅಡುಗೆಯವರಿಂದ ಬೆಲ್ಲ ತರಿಸಿದೆ. ಮರಳು ಬಾಯಿಗೆ ಹಾಕಿಕೊಂಡ ಹಾಗಾಯಿತು! ನಲವತ್ತು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂಗಿದ್ದು ಹೆಡ್ ಮಾಸ್ತರ ಕೋಣೆಗೆ ಕೇಳಿಸಿತು.

ರವಿವಾರ ಅವರ ಹೊಲಕ್ಕೆ ಹೋದೆವು. ಅಜ್ಜಿ ತಾನೇ ಕುಡುಗೋಲು ಹಿಡಿದು, ಬಲಿತ ಬಳ್ಳಿ ನೋಡಿ ಹನ್ನೆರಡು ತುಂಡು ಕೊಯ್ದು ಕೊಟ್ಟಳು. ಹಾಲಿನ ಪಾಕೀಟಿನಲ್ಲಿ ಕೆಮ್ಮಣ್ಣು, ಗೊಬ್ಬರ ತುಂಬಿ ನೆಟ್ಟಿದ್ದೇವೆ. ಪಾಳಿ ಹಚ್ಚಿಕೊಂಡು ಮಕ್ಕಳೇ ನೀರು ಹಾಕುತ್ತಾರೆ. ಇವತ್ತಿಗೆ ನಾಲ್ಕು ಚಿಗುರಿವೆ.