ಬಂದೂಕಿನ ಊರಿನ ಫುಟ್‌ಬಾಲ್ ಲೆಕ್ಕ

ಬಿಲ್ಬಾವೊದಿಂದ ಸಾನ್ ಸೆಬಾಸ್ಟಿಯನ್ ಕಡೆಗೆ ಹೋಗುವ ನ್ಯಾರೋಗೇಜ್ ರೈಲಿಗೆ ಅವಸರವೆಂಬುದೇ ಇಲ್ಲ. ಸುರಂಗ, ಕಣಿವೆ, ಮತ್ತೆ ಸುರಂಗ. ನಡುದಾರಿಯಲ್ಲಿ ಸಿಗುವ ಎಯ್ಬಾರ್‌ನಲ್ಲಿ ಇಳಿದರೆ ಮೊದಲು ಅರಿವಾಗುವುದು ಸಮತಟ್ಟು ನೆಲದ ಬರ. ಸ್ಪೇನಿನ ಬಾಸ್ಕ್ ಪ್ರಾಂತ್ಯದ ಈ ಊರು ಎರಡು ಗುಡ್ಡಗಳ ನಡುವೆ ಸಿಕ್ಕಿಕೊಂಡಿದೆ. ಎಗೊ ನದಿಯ ಮೇಲೂ ಮುಚ್ಚಿಗೆ ಹಾಕಿ ಜಾಗ ಮಾಡಿಕೊಂಡಿದ್ದಾರೆ. ಮೇಲಿನ ಬೀದಿಗಳಿಗೆ ಹತ್ತಲು ಬಯಲಲ್ಲೇ ಎಸ್ಕಲೇಟರ್‌ಗಳು, ಲಿಫ್ಟುಗಳು.

ಕ್ರೀಡಾಂಗಣಕ್ಕೂ ಮೊದಲು ಶಸ್ತ್ರೋದ್ಯಮದ ವಸ್ತುಸಂಗ್ರಹಾಲಯಕ್ಕೆ ಹೋದೆ, ಹೋದದ್ದು ಒಳ್ಳೆಯದಾಯಿತು. ಎಯ್ಬಾರ್ ತಂಡವನ್ನು ‘ಅರ್ಮೇರೊಸ್’, ಅಂದರೆ ಬಂದೂಕು ತಯಾರಕರು ಎಂದು ಕರೆಯುವುದು ಸುಮ್ಮನೆ ಅಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಒಂದು ಪಿಸ್ತೂಲು. ಕಪ್ಪು ಉಕ್ಕಿನ ಮೇಲೆ ಕೂದಲೆಳೆಯಷ್ಟು ತೆಳುವಾದ ಚಿನ್ನದ ತಂತಿಯನ್ನು ಬಡಿದು ಕೂರಿಸಿದ ಬಳ್ಳಿ. ಕೊಲ್ಲುವ ಸಾಧನಕ್ಕೆ ಇಷ್ಟು ಸಿಂಗಾರವೇ ಎನಿಸಿದರೂ ಕಣ್ಣು ಕೀಳಲಾಗಲಿಲ್ಲ. ಬಂದೂಕಿನ ಬೇಡಿಕೆ ಇಳಿದಾಗ ಇದೇ ಕೈಗಳು ಬೇರೆ ಕಸುಬಿಗೆ ಹೊರಳಿದವು. 1840ರಲ್ಲಿ ಶಸ್ತ್ರ ತಯಾರಿಕೆಯಿಂದ ಶುರುವಾದ ಓರ್ಬೆಯಾ ಕಂಪನಿ ಸೈಕಲ್ಲಿಗೆ ಬಂತು. 1920ರಲ್ಲಿ ಕಾರ್ಮಿಕರೇ ಕಟ್ಟಿಕೊಂಡ ಸಹಕಾರಿ ಸಂಸ್ಥೆ ಆಲ್ಫಾ ಹೊಲಿಗೆ ಯಂತ್ರಕ್ಕೆ ಬಂತು. 1931ರ ಏಪ್ರಿಲ್ 14ರ ಮುಂಜಾನೆ ಸ್ಪೇನಿನಲ್ಲೇ ಮೊದಲಿಗೆ ಗಣರಾಜ್ಯ ಘೋಷಿಸಿದ ಊರೂ ಇದೇ. ಆಮೇಲಿನ ಅಂತರ್ಯುದ್ಧದಲ್ಲಿ ಬಾಂಬು ಬಿದ್ದು ಊರಿನ ಬಹುಪಾಲು ಹಾಳಾಯಿತು.

ಆ ಅವಶೇಷಗಳ ನಡುವೆ, 1940ರಲ್ಲಿ, ಸ್ಥಳೀಯ ತಂಡಗಳೆರಡು ಒಂದಾಗಿ ಈ ಕ್ಲಬ್ ಹುಟ್ಟಿತು. ಇಪುರುವಾ ಮೈದಾನ ಆದದ್ದು 1947ರಲ್ಲಿ. ಏದುಸಿರು ಬಿಡುತ್ತಾ ಅಲ್ಲಿಗೆ ಹತ್ತಿದರೆ ಸುತ್ತಲಿನ ವಸತಿ ಕಟ್ಟಡಗಳು ಗ್ಯಾಲರಿಗಿಂತ ಎತ್ತರ! ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಲೇ ಪಂದ್ಯ ನೋಡುವ ಪುಣ್ಯವಂತರಿದ್ದಾರೆ. ಈಗ ಎಂಟು ಸಾವಿರ ಜನ ಕೂರಬಹುದು, 2014ರಲ್ಲಿ ಐದು ಸಾವಿರದಷ್ಟೇ. ಊರಿನ ಜನಸಂಖ್ಯೆಯೇ ಸುಮಾರು 27 ಸಾವಿರ.

ಆ 2014ರ ಕಥೆಗಾಗಿಯೇ ನಾನು ಇಷ್ಟು ದೂರ ಬಂದದ್ದು. ಎಯ್ಬಾರ್ ಆ ವರ್ಷ ಮೊದಲ ಬಾರಿಗೆ ಸ್ಪೇನಿನ ಮೊದಲ ದರ್ಜೆಯ ಲೀಗ್ ಆದ ಲಾ ಲಿಗಾಗೆ ಬಡ್ತಿ ಪಡೆಯಿತು. ಕೈಯಲ್ಲಿ ಸಾಲವೇ ಇಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ಕ್ಲಬ್ಬು. ಆದರೆ 1999ರ ಒಂದು ಸರ್ಕಾರಿ ಆದೇಶದ ಪ್ರಕಾರ ಅದರ ಬಂಡವಾಳ ದ್ವಿತೀಯ ದರ್ಜೆಯ ಕ್ಲಬ್ಬುಗಳ ಸರಾಸರಿ ಖರ್ಚಿನ ಕಾಲು ಭಾಗದಷ್ಟಾದರೂ ಇರಬೇಕಿತ್ತು. ಇದ್ದದ್ದು 4.22 ಲಕ್ಷ ಯೂರೊ, ಬೇಕಾದದ್ದು 21.46 ಲಕ್ಷ. ಹೊಂದಿಸದಿದ್ದರೆ ಬಡ್ತಿಯ ಮಾತಿರಲಿ, ನೇರವಾಗಿ ಮೂರನೇ ದರ್ಜೆಗೆ. ತೆರಿಗೆ ಇಲಾಖೆಗೆ ಕೋಟಿಗಟ್ಟಲೆ ಯೂರೊ ಬಾಕಿ ಉಳಿಸಿಕೊಂಡವರು ನೆಮ್ಮದಿಯಾಗಿ ಆಡುತ್ತಿದ್ದಾಗ, ದುಂದು ಮಾಡದವರಿಗೆ ದಂಡ! ಕ್ಲಬ್ಬನ್ನು ದಿವಾಳಿಯಿಂದ ಕಾಪಾಡಲು ಬಂದ ನಿಯಮವಂತೆ.

ಕ್ಲಬ್ 50 ಯೂರೊ ಮುಖಬೆಲೆಯ ಷೇರುಗಳನ್ನು ಮಾರಾಟಕ್ಕಿಟ್ಟಿತು. ಒಬ್ಬರು ಒಂದು ಲಕ್ಷ ಯೂರೊಗಿಂತ ಹೆಚ್ಚು ಕೊಳ್ಳುವಂತಿಲ್ಲ ಎಂಬ ಮಿತಿಯನ್ನೂ ಹಾಕಿಕೊಂಡಿತು. ನನಗೆ ಹೆಚ್ಚು ಹಿಡಿಸಿದ್ದು ಈ ಮಿತಿಯೇ. ಹಣ ತುರ್ತಾಗಿ ಬೇಕಿದ್ದಾಗಲೂ ಒಬ್ಬನೇ ಧಣಿಯ ಕೈಗೆ ಬೀಳಲು ಅವರು ಒಪ್ಪಲಿಲ್ಲ. ಹತ್ತಾರು ದೇಶಗಳ ಸಾವಿರಾರು ಮಂದಿ ಷೇರು ಕೊಂಡರು. ಎಳೆಯರಾಗಿದ್ದಾಗ ಇಲ್ಲಿ ಎರವಲು ಆಟಗಾರರಾಗಿದ್ದು ಮುಂದೆ ಸ್ಪೇನ್ ತಂಡದ ತಾರೆಗಳಾದ ಕ್ಸಾಬಿ ಅಲೊನ್ಸೊ, ಡೇವಿಡ್ ಸಿಲ್ವಾ ಕೂಡ ಬೆಂಬಲಕ್ಕೆ ನಿಂತರು. ಗಡುವಿನೊಳಗೆ ಹಣ ಕೂಡಿತು. ಆಗಸ್ಟ್ 24ರಂದು ನೆರೆಯ ರಿಯಲ್ ಸೊಸಿಯೆದಾದ್ ವಿರುದ್ಧ ಹಾವಿ ಲಾರಾ ಹೊಡೆದ ಫ್ರೀಕಿಕ್ಕಿನಿಂದ 1-0 ಗೆಲುವು.

ಪತ್ರಿಕೆಗಳು ಇದನ್ನು ಕಾಲ್ಪನಿಕ ಕಥೆಯಂತೆ ಬರೆದವು. ಅದೃಷ್ಟವೂ ಇತ್ತೆನ್ನಿ: ಮೊದಲ ಋತುವಿನ ಕೊನೆಯಲ್ಲಿ 18ನೇ ಸ್ಥಾನಕ್ಕೆ ಕುಸಿದು ಕೆಳಗಿಳಿಯಬೇಕಿದ್ದ ತಂಡ ಉಳಿದದ್ದು, ಹಣದ ಬಾಕಿಗಾಗಿ ಎಲ್ಚೆ ಕ್ಲಬ್ಬನ್ನು ಕೆಳಗಿಳಿಸಿದ್ದರಿಂದ. ಆದರೆ ಏಳು ಋತು ಮೇಲಿನ ದರ್ಜೆಯಲ್ಲಿ ನಿಲ್ಲಲು ಅದೃಷ್ಟವೊಂದೇ ಸಾಲದು.

ಪಂದ್ಯಕ್ಕೆ ಮುಂಚೆ ಮೈದಾನದ ಹತ್ತಿರದ ಬಾರಿನಲ್ಲಿ ಪಕ್ಕಕ್ಕೆ ಕುಳಿತ ಹಿರಿಯರು ಇಂಗ್ಲಿಷ್ ಬಲ್ಲವರು. ನಾನು 2018ರ ನವೆಂಬರಿನಲ್ಲಿ ಎಯ್ಬಾರ್ ರಿಯಲ್ ಮ್ಯಾಡ್ರಿಡನ್ನು 3-0ಯಿಂದ ಮಣಿಸಿದ್ದನ್ನು ಎತ್ತಿದೆ. ‘ಅದು ಬಿಡಿ’ ಎಂದು ಕೈಯಾಡಿಸಿ 2022ರ ಮೇ ತಿಂಗಳಿಗೆ ಬಂದರು. ಗೆದ್ದರೆ ಮತ್ತೆ ಲಾ ಲಿಗಾ. ಎದುರಾಳಿ ಆಗಲೇ ಕೆಳದರ್ಜೆಗೆ ಇಳಿದಿದ್ದ ಆಲ್ಕೊರ್ಕೊನ್. 90 ನಿಮಿಷ ಮುಗಿದ ಮೇಲೆ ಸೇರಿಸಿದ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು ಸೋಲು. ಆಮೇಲೆ ಬಡ್ತಿಯ ಕೊನೆಯ ಅವಕಾಶವಾದ ಪ್ಲೇಆಫ್‌ನಲ್ಲೂ ಸೋಲು, ಮುಂದಿನೆರಡು ವರ್ಷಗಳಲ್ಲೂ ಅದೇ ಗತಿ. ಆ ಗೋಲಿಗೆ ರಕ್ಷಣಾ ಆಟಗಾರರು ಎಲ್ಲಿ ನಿಂತಿರಬೇಕಿತ್ತೆಂದು ತೋರಿಸಲು ಅವರು ಮೇಜಿನ ಮೇಲಿನ ಆಲಿವ್ ಬೀಜಗಳನ್ನೆಲ್ಲ ಜೋಡಿಸಿದರು; ಸಾಲದಾದಾಗ ನನ್ನ ತಟ್ಟೆಗೂ ಕೈ ಹಾಕಿದರು.