ಕೊನೆಯವನೂ ಇಳಿದ ಮೇಲೆ ಗಂಟು ಬಿಚ್ಚುವವರು ಯಾರು?

ರಜೆಯಲ್ಲಿ ಬದಿಯಡ್ಕಕ್ಕೆ ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಮಸ್ಕತ್ತಿನಲ್ಲಿ ದುಡಿಯುವ ನಾನು ಗೆಳೆಯರೊಂದಿಗೆ ಒಮಾನಿನ ಹಜರ್ ಪರ್ವತಗಳ ಒಣ ಕಮರಿಗಳನ್ನು ಹಗ್ಗ ಹಿಡಿದು ಇಳಿಯುತ್ತೇನೆ ಎಂದರೆ, ಹೆಚ್ಚಿನವರು ‘ಹೆದರಿಕೆಯಾಗುವುದಿಲ್ಲವೇ’ ಎಂದು ಕೇಳಿ ಸುಮ್ಮನಾಗುತ್ತಾರೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುವವರು, ಬಾವಿ ಕೆಲಸದವರು ಮಾತ್ರ ನೇರವಾಗಿ ವಿಷಯಕ್ಕೆ ಬರುತ್ತಾರೆ: ಕೊನೆಯವನೂ ಇಳಿದ ಮೇಲೆ ಮೇಲಿನ ಗಂಟು ಬಿಚ್ಚುವವರು ಯಾರು? ಪ್ರಶ್ನೆಯೆಂದರೆ ಇದು.

ಮೇಲೆ ಕಟ್ಟಿದ ಗಂಟೇ ಇರುವುದಿಲ್ಲ. ಬಂಡೆಗೆ ಬೋಲ್ಟ್ ಹೊಡೆದು ಕೂರಿಸಿದ ಉಕ್ಕಿನ ಬಳೆಯಲ್ಲಿ ಹಗ್ಗವನ್ನು ನಡುವಿನವರೆಗೆ ತೂರಿಸಿ, ಎರಡೂ ತುದಿಗಳನ್ನು ಕೆಳಗೆ ಬಿಡುತ್ತೇವೆ. ಇಳಿಯುವುದು ಎರಡೂ ಎಳೆಗಳ ಮೇಲೆ. ಎಲ್ಲರೂ ಇಳಿದ ನಂತರ ಒಂದು ತುದಿಯನ್ನು ಎಳೆದರೆ ಇನ್ನೊಂದು ಮೇಲೇರಿ, ಬಳೆ ದಾಟಿ, ಧೊಪ್ಪನೆ ಬೀಳುತ್ತದೆ. ಹಾಗಾಗಿ 60 ಮೀಟರ್ ಹಗ್ಗದಲ್ಲಿ ಇಳಿಯಬಹುದಾದದ್ದು 30 ಮೀಟರ್ ಮಾತ್ರ. ಆಳ ಹೆಚ್ಚಿದ್ದರೆ ಎರಡು ಹಗ್ಗಗಳನ್ನು ಗಂಟು ಹಾಕಿ ಜೋಡಿಸಬೇಕು. ಆಗ ಗಂಟು ಬಳೆಯ ಯಾವ ಪಕ್ಕದಲ್ಲಿದೆಯೋ ಆ ಪಕ್ಕದ ಹಗ್ಗವನ್ನೇ ಎಳೆಯಬೇಕು. ಇನ್ನೊಂದನ್ನು ಎಳೆದರೆ ಗಂಟು ಬಳೆಗೆ ಬಂದು ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನಮ್ಮಲ್ಲಿ ಪ್ರತಿಯೊಬ್ಬರೂ ಇಳಿಯುವ ಮೊದಲು ಗಟ್ಟಿಯಾಗಿ ಹೇಳುತ್ತಾರೆ: ‘ಎಳೆಯುವುದು ನೀಲಿ.’

ಒಬ್ಬರು ಇನ್ನೂ ಮೇಲಿರುವಾಗಲೇ ಕೆಳಗಿನವರು ನೀಲಿಯನ್ನು ಒಂದು ಮೊಳ ಎಳೆದು ನೋಡುತ್ತಾರೆ. ಅದು ಅಲುಗದಿದ್ದರೆ ಹಗ್ಗ ಬಂಡೆಯ ಅಂಚಿಗೆ ಒತ್ತಿಕೊಂಡಿರುತ್ತದೆ, ಇಲ್ಲವೇ ಎರಡೆಳೆ ಹುರಿಗೊಂಡಿರುತ್ತದೆ. ಸರಿಪಡಿಸಲು ಮೇಲೊಬ್ಬರು ಬೇಕು. ಆ ಕೊನೆಯ ಜಾಗ ಉಪ್ಪಳದ ಗೆಳತಿಯದು. ಅವಸರವೆಂಬುದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು, ಹಾಗಾಗಿ ನನ್ನನ್ನು ಮೊದಲೇ ಇಳಿಸಿಬಿಡುತ್ತಾರೆ.

ಬಾವಿಗೆ ಇಳಿದವನು ಅದೇ ಹಗ್ಗ ಹಿಡಿದು ಮೇಲೆ ಬರುತ್ತಾನೆ. ನಮಗೆ ಹಗ್ಗ ಬಿದ್ದ ಮೇಲೆ ಹಿಂದೆ ಉಳಿಯುವುದು ನೀರು ಉಜ್ಜಿ ನುಣುಪು ಮಾಡಿದ ಸುಣ್ಣಕಲ್ಲಿನ ಗೋಡೆ. ಕಮರಿಯ ಬಾಯಿ ಸಿಗುವವರೆಗೂ ಇಳಿಯುತ್ತಲೇ ಹೋಗಬೇಕು. ಎಳೆಯುವ ಮುನ್ನ ಆಕಾಶ ನೋಡುತ್ತೇವೆ, ಆದರೆ ತಲೆಯ ಮೇಲಿನ ಆಕಾಶವಷ್ಟೇ ಸಾಲದು. 1997ರ ಆಗಸ್ಟ್ 12ರಂದು ಅಮೆರಿಕದ ಅರಿಜೋನಾದ ಆಂಟೆಲೋಪ್ ಕಮರಿಯಲ್ಲಿ 11 ಮಂದಿ ಕೊಚ್ಚಿಹೋದರು. ಮಳೆ ಸುರಿದದ್ದು ಮೈಲುಗಳಾಚೆ. ನಮ್ಮ ಮುರಕಲ್ಲಿನ ಗುಡ್ಡಗಳು ಮೊದಲ ಮಳೆಯನ್ನು ಕುಡಿದುಬಿಡುತ್ತವೆ. ಮರುಭೂಮಿಯ ಬೋಳುಬಂಡೆ ಬಿದ್ದ ನೀರನ್ನೆಲ್ಲ ಕಮರಿಗೇ ಸಾಗಿಸುತ್ತದೆ. ಪರ್ವತದ ಮೇಲ್ಭಾಗದಲ್ಲಿ ಗುಡುಗಿನ ಮುನ್ಸೂಚನೆಯಿದ್ದರೆ ಅಂದು ಮಸ್ಕತ್ತಿನಲ್ಲೇ ಬಿರಿಯಾನಿ.

ಎಷ್ಟು ಎಳೆದರೂ ಹಗ್ಗ ಬಾರದಿದ್ದರೆ? ಇದು ಬಾವಿ ಕೆಲಸದವರ ಎರಡನೆಯ ಪ್ರಶ್ನೆ. ಚೀಲದಲ್ಲಿ ಇನ್ನೊಂದು ಹಗ್ಗ ಇದ್ದೇ ಇರುತ್ತದೆ. ಕೈಗೆ ಸಿಕ್ಕಷ್ಟನ್ನು ಕತ್ತರಿಸಿಕೊಂಡು ಮುಂದೆ ಹೋಗುತ್ತೇವೆ. ಬೆಲೆ ನೆನೆದು ಆ ಹಗ್ಗ ಹಿಡಿದು ಹತ್ತಲು ಹೊರಡುವವರು ನಮ್ಮ ತಂಡಕ್ಕೆ ಬೇಡ: ಅದು ಮೇಲೆ ಯಾವುದಕ್ಕೆ ಸಿಕ್ಕಿದೆಯೆಂದು ಕೆಳಗಿನವರಿಗೆ ಕಾಣುವುದಿಲ್ಲ. ಅಲ್ಲಿ ಮೊಬೈಲ್‌ಗೆ ಸಿಗ್ನಲ್ ಇಲ್ಲದ ಕಾರಣ, ನಾವು ಇಳಿಯುವ ಕಮರಿಯ ಹೆಸರು ಮತ್ತು ಹಿಂತಿರುಗುವ ಹೊತ್ತು ಬರೆದ ಚೀಟಿ ಮನೆಯಲ್ಲಿರುತ್ತದೆ. ಆ ಹೊತ್ತು ಮೀರಿದರೆ ಒಮಾನ್ ಪೊಲೀಸರ 9999ಕ್ಕೆ ಫೋನ್ ಮಾಡುವುದು ಮನೆಯವರ ಕೆಲಸ.